ಜಿಪಿಎ ಕೊಡುವವರಿಗೂ ತೆಗೆದುಕೊಳ್ಳುವವರಿಗೂ

ಅಣ್ಣ ಅಮೆರಿಕದಲ್ಲಿ, ಮೈಸೂರಿನ ಮನೆಯ ಬಾಡಿಗೆ ತಮ್ಮನ ಕೈಯಲ್ಲಿ. ಮಗಳು ದುಬೈನಲ್ಲಿ, ಹಾಸನದ ಸೈಟಿನ ಉಸ್ತುವಾರಿ ಸೋದರಮಾವನದು. ಈಗ ಬೀದಿಗೊಂದು ಇಂಥ ಮನೆ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ನನಗೆ ಸಿಟ್ಟು ಬರುವುದು ನೀವು ಜಿಪಿಎ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ (ಜನರಲ್ ಪವರ್ ಆಫ್ ಅಟಾರ್ನಿ), ಬರೆದುಕೊಡುವ ರೀತಿಗೆ. ಯಾರೋ ತಂದಿಟ್ಟ ಸಿದ್ಧ ನಮೂನೆಗೆ ಓದದೆಯೇ ಸಹಿ ಹಾಕುತ್ತೀರಿ. ನಿಮಗೆ ಬೇಕಿದ್ದದ್ದು ಬಾಡಿಗೆ ವಸೂಲಿ ಮಾಡಿ ಕಂದಾಯ ಕಟ್ಟುವ ಒಬ್ಬರು. ಪತ್ರದಲ್ಲಿ ನೋಡಿದರೆ ಮಾರುವ, ಅಡವಿಡುವ ಅಧಿಕಾರವೂ ಕೂತಿರುತ್ತದೆ. ಆಮೇಲೆ ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂದು ಗೋಳಾಡಿದರೆ ಯಾರು ಕೇಳಬೇಕು? ಬಾಡಿಗೆಗೆ ಬೇಕಾದಷ್ಟೇ ಅಧಿಕಾರ ಬರೆಸಿ. ಹೊರದೇಶದಲ್ಲಿ ಬರೆದ ಪತ್ರವಾದರೆ ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸುವುದನ್ನೂ ಮರೆಯಬೇಡಿ.

ಇನ್ನು ಜಿಪಿಎ ತೆಗೆದುಕೊಂಡವರೇ, ನಿಮಗೂ ನಾಲ್ಕು ಮಾತು. "ನಾನೇನು ದುಡ್ಡು ತಗೊಂಡಿದ್ದೀನಾ? ಪುಕ್ಕಟೆ ಓಡಾಡ್ತಿದ್ದೀನಿ, ಲೆಕ್ಕ ಬೇರೆ ಕೊಡಬೇಕಾ?" ಎನ್ನುತ್ತೀರಲ್ಲ, ಹೌದು, ಕೊಡಬೇಕು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ನಿಮ್ಮಂತೆ ಇನ್ನೊಬ್ಬರ ಪರವಾಗಿ ವ್ಯವಹರಿಸುವ ಏಜೆಂಟ್ ಆಗಲು ಸಂಬಳ, ಕಮಿಷನ್ ಯಾವುದೂ ಬೇಕಿಲ್ಲ. ಕೆಲಸ ಒಪ್ಪಿಕೊಂಡಿರಿ, ಅಲ್ಲಿಗೆ ಕಟ್ಟುಬಿದ್ದಿರಿ. ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು, ಹೇಳಿದಂತೆ ನಡೆಯುವುದು, ಏನೂ ಹೇಳದಿದ್ದರೆ ಆ ವ್ಯವಹಾರದ ರೂಢಿಯಂತೆ ನಡೆಯುವುದು, ತೊಡಕು ಬಂದಾಗ ಮಾಲೀಕರನ್ನು ಸಂಪರ್ಕಿಸಿ ಅವರ ಮಾತು ಕೇಳುವುದು, ಇವೆಲ್ಲ ನಿಮ್ಮ ಮೇಲಿರುವ ಹೊಣೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರೂ ಸೂಚನೆ ಮೀರಿ ನಷ್ಟವಾದರೆ ತುಂಬಿಕೊಡಬೇಕು. ಕಾಯ್ದೆಯೊಳಗಿನ ಉದಾಹರಣೆಯನ್ನೇ ಕೇಳಿ: ಸಾಲಕ್ಕೆ ಮಾರುವ ವಾಡಿಕೆಯಿಲ್ಲದ ವ್ಯಾಪಾರದಲ್ಲಿ ದಲ್ಲಾಳಿಯೊಬ್ಬ ಸರಕನ್ನು ಸಾಲಕ್ಕೆ ಮಾರುತ್ತಾನೆ. ಕೊಂಡವನಿಗೆ ಆಗ ಪೇಟೆಯಲ್ಲಿ ಒಳ್ಳೆಯ ಹೆಸರಿತ್ತು. ಆದರೂ ಹಣ ಕೊಡುವ ಮುಂಚೆ ಅವನು ದಿವಾಳಿಯಾದ. ಆ ನಷ್ಟ ದಲ್ಲಾಳಿಯ ತಲೆಗೇ ಬಂತು.

ಎಲ್ಲಕ್ಕಿಂತ ದೊಡ್ಡ ತಪ್ಪು ಮುಚ್ಚುಮರೆ. ಮಾರಿಕೊಡಿ ಎಂದು ಒಪ್ಪಿಸಿದ ಜಾಗವನ್ನು ಬಾಮೈದನ ಹೆಸರಿನಲ್ಲಿ ನೀವೇ ಕೊಂಡುಬಿಡುವುದು ಬೇಲಿಯೇ ಎದ್ದು ಹೊಲ ಮೇಯ್ದಂತೆ. ಮುಖ್ಯ ವಿಷಯವನ್ನು ಮೋಸದಿಂದ ಬಚ್ಚಿಟ್ಟಿರಿ ಎಂದೋ, ಮಾರಾಟದಿಂದ ತಮಗೆ ನಷ್ಟವಾಯಿತು ಎಂದೋ ತೋರಿಸಿದರೆ ಮಾಲೀಕರು ಆ ವ್ಯವಹಾರವನ್ನೇ ತಿರಸ್ಕರಿಸಬಹುದು. ಮನೆಯೊಂದನ್ನು ಕೊಂಡುಕೊಡಿ ಎಂದ ಮಾಲೀಕರಿಗೆ "ಆ ಮನೆ ಸಿಗೋದಿಲ್ಲ" ಎಂದು ಸುಳ್ಳು ಹೇಳಿ ನೀವೇ ಕೊಂಡಿದ್ದರೆ, ಕೊಂಡ ಬೆಲೆಗೇ ಅದನ್ನು ಅವರಿಗೆ ಮಾರಬೇಕಾದೀತು. ದುರ್ನಡತೆ ತೋರಿದಷ್ಟು ಕೆಲಸಕ್ಕೆ ಕಮಿಷನ್ನೂ ಇಲ್ಲ. ಒಪ್ಪಿಸಿದ ಹಣವನ್ನು ಅಪ್ರಾಮಾಣಿಕವಾಗಿ ನುಂಗಿದರೆ ಅದು ನಂಬಿಕೆದ್ರೋಹದ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಲ್ಲಿ ಅದಕ್ಕೆ 5 ವರ್ಷದವರೆಗೆ ಸೆರೆ. ದಲ್ಲಾಳಿ, ಏಜೆಂಟ್ ಕೆಲಸವೇ ಕಸುಬಾದವರಿಗೆ 10 ವರ್ಷದವರೆಗೆ, ಇಲ್ಲವೇ ಜೀವಾವಧಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಹಾಗೆಂದು ಮಾಲೀಕರು ಮೀಸೆ ತಿರುವಬೇಕಿಲ್ಲ. ಏಜೆಂಟ್ ತನ್ನ ಕೈಯಿಂದ ಖರ್ಚು ಮಾಡಿ ನಲ್ಲಿ ರಿಪೇರಿ ಮಾಡಿಸಿದ, ಕೋರ್ಟಿಗೆ ಅಲೆದ. ಅವನಿಗೆ ಬಸ್ ಚಾರ್ಜು ಕೊಡಲೂ ನಿಮಗೆ ಮನಸ್ಸಿಲ್ಲ! ಅಧಿಕಾರದೊಳಗಿದ್ದು ನ್ಯಾಯವಾಗಿ ಮಾಡಿದ ಕೆಲಸದಿಂದ ಅವನ ಮೇಲೆ ಏನೇ ಹೊರೆ ಬಿದ್ದರೂ ಭರಿಸಬೇಕಾದವರು ನೀವು. ನಿಮ್ಮ ಅಜಾಗರೂಕತೆಯಿಂದ ಅವನಿಗೆ ಪೆಟ್ಟಾದರೆ ಪರಿಹಾರವೂ ನಿಮ್ಮದೇ. ಖರ್ಚನ್ನೂ ಬರಬೇಕಾದ ಕಮಿಷನ್ನನ್ನೂ ವಸೂಲಾದ ಹಣದಲ್ಲೇ ಮುರಿದುಕೊಳ್ಳಲು ಕಾಯ್ದೆ ಅವನಿಗೆ ಅವಕಾಶ ಕೊಟ್ಟಿದೆ. ಒಂದೇ ಒಂದು ಕಡೆ ಅವನಿಗೆ ರಕ್ಷಣೆಯಿಲ್ಲ: "ಬಾಡಿಗೆದಾರನಿಗೆ ನಾಲ್ಕು ತದುಕಿ ಓಡಿಸು, ಬರೋದನ್ನ ನಾನು ನೋಡ್ಕೋತೀನಿ" ಎಂದು ನೀವು ಹೇಳಿದ ಮಾತಿಗೆ ಬೆಲೆಯೇ ಇಲ್ಲ. ಅಪರಾಧ ಮಾಡಿಸಿ ಕೊಟ್ಟ ಭರವಸೆ ಕೋರ್ಟಿನಲ್ಲಿ ನಡೆಯುವುದಿಲ್ಲ.

ಜಿಪಿಎ ಮೇಲೆ ಸೈಟು "ಕೊಳ್ಳುವ" ಜಾಣರಿಗೆ ಏನು ಹೇಳಲಿ? ಜಿಪಿಎಯಿಂದ ಒಡೆತನ ವರ್ಗವಾಗುವುದಿಲ್ಲ, ನೋಂದಾಯಿತ ಕ್ರಯಪತ್ರ ಬೇಕೇಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಇನ್ನು ಅಪ್ಪ ತೀರಿಕೊಂಡ ಮೇಲೂ ಅವರು ಕೊಟ್ಟ ಜಿಪಿಎ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಡಿ. ಸಾಮಾನ್ಯವಾಗಿ ಕೊಟ್ಟವರ ಸಾವಿನೊಂದಿಗೆ ಅಧಿಕಾರವೂ ಮುಗಿಯುತ್ತದೆ. ಅಲ್ಲಿಂದಾಚೆಗೆ ನಿಮಗೆ ಉಳಿಯುವುದು ವಾರಸುದಾರರಿಗಾಗಿ ಆಸ್ತಿಯನ್ನು ಕಾಪಾಡುವ ಹೊಣೆ ಮಾತ್ರ.

ಮಾಲೀಕರೇ, ಬದುಕಿರುವಾಗಲೇ ಜಿಪಿಎ ರದ್ದು ಮಾಡುವುದಾದರೆ ಮನಸ್ಸಿನಲ್ಲೇ ಮಾಡಿಕೊಂಡು ಕೂರಬೇಡಿ. ಏಜೆಂಟರಿಗೆ ಲಿಖಿತ ನೋಟಿಸು ಕೊಡಿ, ಬಾಡಿಗೆದಾರರಿಗೂ ಬ್ಯಾಂಕಿಗೂ ತಿಳಿಸಿ. ತಿಳಿಯದೆ ಹಳೆಯ ಏಜೆಂಟರಿಗೇ ಬಾಡಿಗೆ ಕಟ್ಟಿದವರನ್ನು ನೀವು ಮತ್ತೆ ಕೇಳುವಂತಿಲ್ಲ.

ಕೊನೆಗೆ ಲೆಕ್ಕ. ತಮ್ಮ ಬೇಸರ ಮಾಡಿಕೊಂಡಾನು ಎಂದು ವರ್ಷಗಟ್ಟಲೆ ಸುಮ್ಮನಿದ್ದು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಬೇಡಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ರಸೀದಿ ಸಮೇತ ಲೆಕ್ಕ ತರಿಸಿ ಇಬ್ಬರೂ ಸಹಿ ಹಾಕಿ. ಕೇಳಿದ ಲೆಕ್ಕವನ್ನು ಏಜೆಂಟರು ಕೊಡುವುದಿಲ್ಲ ಎಂದರೆ, ಅವರ ಕೈ ಸೇರಿದ ಹಣಕ್ಕಾಗಿ ದಾವೆ ಹೂಡಲು ಅಂದಿನಿಂದ ನಿಮಗಿರುವುದು ಮೂರೇ ವರ್ಷ.