ಸಿ.ಇ.ಟಿ. ನಂತರ ಕಾಲೇಜುಗಳ ಪಟ್ಟಿ ಬರೆಯುವ ಕ್ರಮ

ಇಂಜಿನಿಯರಿಂಗಿಗೆ ಹೋಗುವ ಮಕ್ಕಳು ಬೆಂಗಳೂರಿನ ದೊಡ್ಡ ಹೆಸರುಗಳನ್ನಷ್ಟೇ ಬರೆಯುವುದುಂಟು, ಹೆದರಿದವರು ಸುಳ್ಯವೊಂದನ್ನೇ. ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ಖಾಲಿಯಿರುವ ಮೊದಲನೆಯದನ್ನೇ ಕೊಡುತ್ತಾರೆ. ಕೆಳಗೆ ಸುಳ್ಯದ ಕೆ.ವಿ.ಜಿ., ಪುತ್ತೂರಿನ ವಿವೇಕಾನಂದ ಬರೆದ ಮಾತ್ರಕ್ಕೆ ಮೇಲಿನದು ತಪ್ಪದು. ಆದುದರಿಂದ ಇಷ್ಟದ ಕ್ರಮದಲ್ಲೇ ಬರೆಯಿಸಿರಿ. ಹಿಂದಿನ ವರ್ಷದ ಕೊನೆಯ ರ‍್ಯಾಂಕು ನೋಡಿ, ಎಟುಕದಂತಿರುವ ಕೆಲವು, ಹೊಂದುವ ಹಲವು, ಬಹುತೇಕ ಸಿಗುವ ಎರಡು ಮೂರು ಇರಲಿ. ಹಾಸ್ಟೆಲಿನ ಖರ್ಚು ತಾಳಲಾಗದ ಕಾಲೇಜು ಮಾತ್ರ ಬೇಡ, ಅದೇ ಸಿಕ್ಕೀತು! ಸುರತ್ಕಲ್ಲಿನ ಎನ್.ಐ.ಟಿ.ಗೆ ಜೆ.ಇ.ಇ. ಬೇರೆಯೇ ಇದೆ.

ಕಲ್ಲುಗುಂಡಿಯಂಥ ಕಡೆ ಒಂದರಿಂದ ಹತ್ತರವರೆಗೆ ಓದಿದವರಿಗೆ ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ಇವನ್ನು ಸಿ.ಇ.ಟಿ. ಅರ್ಜಿಯಲ್ಲೇ ಕೇಳಬೇಕು, ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಮೊದಲೇ ತೆಗೆದಿಡಿರಿ.