ಹಳೆಯ ಆಂಪ್ಲಿಫೈಯರಿನ ಹೊಸ ಪ್ರತಿ: ಯಾವುದಕ್ಕೆ ನಿಷ್ಠೆ?

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಸೆಮಿಕಂಡಕ್ಟರ್ ಅಧ್ಯಾಯವು ನಿರ್ವಾತ ನಳಿಕೆಯನ್ನು, ಅಂದರೆ ವಾಲ್ವನ್ನು, ಆರಂಭದಲ್ಲೇ ಬೇಗ ಮುಗಿಸಿಬಿಡುತ್ತದೆ. ಗಾತ್ರ ದೊಡ್ಡದು, ವಿದ್ಯುತ್ ಹೆಚ್ಚು ಬೇಕು, ಬಾಳಿಕೆ ಕಡಿಮೆ, ಹಾಗಾಗಿ ಟ್ರಾನ್ಸಿಸ್ಟರ್ ಬಂದಿತು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ವಾಲ್ವ್ ಇಂದಿಗೂ ಇದೆ, ಅದಕ್ಕಾಗಿ ಹೊಸ ವಾಲ್ವ್‌ಗಳೂ ತಯಾರಾಗುತ್ತಿವೆ. ಅಮೆರಿಕದ ಫೆಂಡರ್ ಕಂಪನಿ 1963ರಲ್ಲಿ 'ಡಿಲಕ್ಸ್ ರಿವರ್ಬ್' ಎಂಬ ಆಂಪ್ಲಿಫೈಯರನ್ನು ತಂದಿತು. ಸರಿಯಾಗಿ 30 ವರ್ಷಗಳ ಬಳಿಕ, 1993ರಲ್ಲಿ, ಅದೇ ಕಂಪನಿ ಅದನ್ನು '65 ಡಿಲಕ್ಸ್ ರಿವರ್ಬ್' ಎಂಬ ಹೆಸರಿನಲ್ಲಿ ಮತ್ತೆ ಹೊರತಂದಿತು. ಗಿಟಾರ್ ನನಗೆ ನುಡಿಸಲು ಬಾರದು. ಎಲೆಕ್ಟ್ರಾನಿಕ್ಸ್ ಕಲಿಸುವವನಾಗಿ ನನಗಿರುವ ಕುತೂಹಲ ಬೇರೆ: ಮೂಲಕ್ಕೆ ನಿಷ್ಠವಾದ ಪ್ರತಿ ಎಂದರೆ ಯಾವುದಕ್ಕೆ ನಿಷ್ಠೆ?

ಮೊದಲು ಕೆಲಸದ ರೀತಿ ತಿಳಿಯೋಣ. ಮಸೀದಿಯಲ್ಲಿ ಅಝಾನ್‌ಗೆ ಬಳಸುವ ಆಂಪ್ಲಿಫೈಯರ್ ಮುಅಝ್ಝಿನರ ಧ್ವನಿಯನ್ನು ಇದ್ದ ಹಾಗೆಯೇ ದೊಡ್ಡದು ಮಾಡಬೇಕು. ಧ್ವನಿ ಒಡೆದರೆ ರಿಪೇರಿಯವರನ್ನು ಕರೆಸುತ್ತೇವೆ. ಗಿಟಾರಿನದು ಇದಕ್ಕೆ ತದ್ವಿರುದ್ಧ. ಅಲ್ಲಿ ಆಂಪ್ಲಿಫೈಯರ್ ಕೂಡ ವಾದ್ಯದ ಒಂದು ಭಾಗ. ಡಿಲಕ್ಸ್ ರಿವರ್ಬ್‌ನಲ್ಲಿ ಎರಡು 6ವಿ6 ವಾಲ್ವ್‌ಗಳು ಸೇರಿ 22 ವಾಟ್ ಶಕ್ತಿಯನ್ನು ಒಂದು 12 ಇಂಚಿನ ಸ್ಪೀಕರಿಗೆ ಕೊಡುತ್ತವೆ. ಅದಕ್ಕಿಂತ ಹೆಚ್ಚು ಕೇಳಿದರೆ ತರಂಗದ ಶಿಖರಗಳು ಚಪ್ಪಟೆಯಾಗತೊಡಗುತ್ತವೆ, ಮೂಲದಲ್ಲಿ ಇಲ್ಲದ ಹಾರ್ಮೋನಿಕ್‌ಗಳು ಸೇರಿಕೊಳ್ಳುತ್ತವೆ. ನಮ್ಮ ಪುಸ್ತಕ ಇದನ್ನು ವಿಕೃತಿ ಎನ್ನುತ್ತದೆ. ಗಿಟಾರ್ ನುಡಿಸುವವರು ಹಣ ಕೊಡುವುದೇ ಇದಕ್ಕೆ.

ಇನ್ನೊಂದು ಅಂಶ ರೆಕ್ಟಿಫೈಯರ್. ಸಿಲಿಕಾನ್ ಡಯೋಡಿನಲ್ಲಿ ಸುಮಾರು 0.7 ವೋಲ್ಟ್ ಇಳಿಕೆ ಎಂದು ನೀವು ಬರೆಯುತ್ತೀರಿ. ಪ್ರವಾಹ ಹೆಚ್ಚಾದರೂ ಅದು ಬಹಳವೇನೂ ಬದಲಾಗದು. ವಾಲ್ವ್ ರೆಕ್ಟಿಫೈಯರಿನಲ್ಲಿ ಇಳಿಕೆ ಇದಕ್ಕಿಂತ ಎಷ್ಟೋ ಹೆಚ್ಚು, ಜೊತೆಗೆ ಪ್ರವಾಹ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ತಂತಿಯನ್ನು ಜೋರಾಗಿ ಮೀಟಿದಾಗ ಸರಬರಾಜಿನ ವೋಲ್ಟೇಜ್ ಕ್ಷಣಕಾಲ ಕುಗ್ಗಿ ಮತ್ತೆ ಏರುತ್ತದೆ. ಆ ಕುಗ್ಗುವಿಕೆಯೂ ಕಿವಿಗೆ ತಿಳಿಯುತ್ತದೆ. 1993ರಲ್ಲಿ ಕೆಲವೇ ರೂಪಾಯಿಯ ಡಯೋಡುಗಳನ್ನು ಹಾಕಿ ಕೆಲಸ ಮುಗಿಸಬಹುದಿತ್ತು. ಹಾಗೆ ಮಾಡದೆ ವಾಲ್ವನ್ನೇ ಉಳಿಸಿಕೊಂಡರು. ಇದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

ಬದಲಾದದ್ದು ಜೋಡಣೆ. 1960ರ ದಶಕದಲ್ಲಿ ಫೈಬರ್ ಹಲಗೆಯ ಮೇಲೆ ಬಿಡಿಭಾಗಗಳನ್ನಿಟ್ಟು, ಒಂದೊಂದು ತಂತಿಯನ್ನೂ ಕೈಯಿಂದ ಬೆಸುಗೆ ಹಾಕುತ್ತಿದ್ದರು. ಹೊಸದರಲ್ಲಿ ಪ್ರಿಂಟೆಡ್ ಸರ್ಕಿಟ್ ಬೋರ್ಡ್ ಇದೆ. ಇದನ್ನೇ ಹಿಡಿದು 'ಇದು ಅಸಲಿಯಲ್ಲ' ಎನ್ನುವವರಿದ್ದಾರೆ. ನಕ್ಷೆ ಅದೇ ಆಗಿದ್ದರೆ, ತಾನು ಹರಿಯುವುದು ತಂತಿಯಲ್ಲೋ ತಾಮ್ರದ ಗೆರೆಯಲ್ಲೋ ಎಂದು ಎಲೆಕ್ಟ್ರಾನ್ ಕೇಳುವುದಿಲ್ಲ. ರಿಪೇರಿ ಮಾಡುವವನಿಗೆ ಮಾತ್ರ ವ್ಯತ್ಯಾಸ ಇದೆ: ಹಳೆಯ ಹಲಗೆಯಲ್ಲಿ ಒಂದು ರೆಸಿಸ್ಟರ್ ಬದಲಿಸುವುದು ಸುಲಭ, ಬೋರ್ಡಿನಲ್ಲಿ ತಾಮ್ರದ ಗೆರೆ ಎದ್ದುಬರದಂತೆ ಜಾಗ್ರತೆ ಬೇಕು. ತಮಾಷೆಯೆಂದರೆ, ಮುಂದೆ ಇದೇ ಕಂಪನಿ '64 ಕಸ್ಟಮ್ ಡಿಲಕ್ಸ್ ರಿವರ್ಬ್' ಎಂಬುದನ್ನು ಹಳೆಯ ಕ್ರಮದಂತೆ ಕೈಯಿಂದಲೇ ಬೆಸೆದು ತಂದಿತು, ಆದರೆ ಅದರಲ್ಲಿ ಸರ್ಕಿಟ್ಟನ್ನೇ ಸ್ವಲ್ಪ ಬದಲಿಸಿತು. ಮೂಲದಲ್ಲಿ ಒಂದೇ ಚಾನೆಲ್ಲಿಗೆ ಇದ್ದ ರಿವರ್ಬ್ ಇದರಲ್ಲಿ ಎರಡಕ್ಕೂ ಇದೆ. ಒಂದು ನಕ್ಷೆಗೆ ನಿಷ್ಠ, ಇನ್ನೊಂದು ಕೈಕೆಲಸಕ್ಕೆ ನಿಷ್ಠ.

ಆ ನಕ್ಷೆಯಾದರೂ ಎಷ್ಟು ಗಟ್ಟಿ? ಪ್ರಯೋಗಾಲಯದಲ್ಲಿ ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಓದಿದ್ದೀರಿ. ಕಂದು, ಕಪ್ಪು, ಹಳದಿ ಎಂದರೆ 100 ಕಿಲೋಓಮ್. ಕೊನೆಯ ಪಟ್ಟಿ ಬೆಳ್ಳಿಯದಾದರೆ 10 ಪ್ರತಿಶತ ಹೆಚ್ಚುಕಡಿಮೆ. ಅಂದರೆ 90ರಿಂದ 110ರವರೆಗೆ ಯಾವುದಿದ್ದರೂ ಸರಿಯೇ. ಆ ಕಾಲದ ಆಂಪ್ಲಿಫೈಯರ್‌ಗಳಲ್ಲಿ ಇಂಥ ರೆಸಿಸ್ಟರ್‌ಗಳೇ ಇದ್ದವು. ಹಾಗಾಗಿ ಒಂದೇ ದಿನ ಒಂದೇ ಮೇಜಿನಿಂದ ಹೊರಬಿದ್ದ ಎರಡು ಪೆಟ್ಟಿಗೆಗಳೂ ಪೂರ್ತಿ ಒಂದೇ ಆಗಿರಲಿಲ್ಲ. ಮೇಲೆ ವಯಸ್ಸು ಬೇರೆ. ಕಾರ್ಬನ್ ರೆಸಿಸ್ಟರಿನ ಬೆಲೆ ವರ್ಷಗಳಲ್ಲಿ ಏರುತ್ತದೆ, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗುತ್ತದೆ, ಸ್ಪೀಕರಿನ ಕಾಗದ ಮೆತ್ತಗಾಗುತ್ತದೆ. ಇಂದು ನಾವು ಮೆಚ್ಚಿ ಕೇಳುವ 1965ರ ಪೆಟ್ಟಿಗೆ 1965ರಲ್ಲಿ ಹಾಗೆ ಕೇಳಿಸುತ್ತಿರಲಿಲ್ಲ. ಗೋಡೆಯ ಸಾಕೆಟ್ ಕೂಡ ಬದಲಾಗಿದೆ. ಹಳೆಯ ಪೆಟ್ಟಿಗೆಯ ಮೇಲೆ 117 ವೋಲ್ಟ್ ಎಂದು ಬರೆದಿತ್ತು, ಅಮೆರಿಕದಲ್ಲಿ ಈಗಿನದು 120. ವಾಲ್ವಿನ ಹೀಟರಿಗೆ 6.3 ವೋಲ್ಟ್ ಸಿಗಬೇಕಾದಲ್ಲಿ 6.3 × 120 ÷ 117, ಅಂದರೆ ಸುಮಾರು 6.46 ವೋಲ್ಟ್ ಸಿಗುತ್ತದೆ. ಪ್ರತಿರೋಧ ಬದಲಾಗದೆಂದು ಹಿಡಿದರೆ ಶಾಖ ಎಷ್ಟು ಪ್ರತಿಶತ ಹೆಚ್ಚುತ್ತದೆ, ನೀವೇ ಲೆಕ್ಕ ಹಾಕಿ. (ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಚುಚ್ಚಿದರೆ ಲೆಕ್ಕ ಬೇಕಿಲ್ಲ, ವಾಸನೆಯೇ ಹೇಳುತ್ತದೆ.)

ಹಾಗಾದರೆ ಪ್ರತಿ ತೆಗೆಯುವವರು ಯಾವ ದಿನದ ಧ್ವನಿಯನ್ನು ಹಿಡಿಯಬೇಕು? ಕಾರ್ಖಾನೆಯಿಂದ ಹೊರಟ ದಿನದ್ದೋ, ಮುದಿಯಾದ ಮೇಲಿನದ್ದೋ? 1993ರವರು ನಕ್ಷೆಯನ್ನು ಹಿಡಿದರು. ಎಷ್ಟರಮಟ್ಟಿಗೆ ಎಂದರೆ, ಮೂಲದ ಒಂದು ತಪ್ಪು ಹೆಸರೂ ಹಾಗೆಯೇ ಉಳಿಯಿತು. ಪೆಟ್ಟಿಗೆಯ ಮೇಲೆ 'ವೈಬ್ರೇಟೊ' ಎಂದಿದೆ. ವೈಬ್ರೇಟೊ ಎಂದರೆ ಆವೃತ್ತಿಯ ಏರಿಳಿತ. ಈ ಸರ್ಕಿಟ್ಟಿನಲ್ಲಿ ಏರಿಳಿಯುವುದು ಪಾರ, ಅದಕ್ಕೆ ಟ್ರೆಮೊಲೊ ಎನ್ನಬೇಕು. ಒಂದು ಸಣ್ಣ ನಿಯಾನ್ ದೀಪ ಮಿನುಗುತ್ತದೆ, ಎದುರಿನ ಎಲ್‌ಡಿಆರ್‌ನ ಪ್ರತಿರೋಧ ಬೆಳಕಿಗೆ ತಕ್ಕಂತೆ ಬದಲಾಗಿ ಸದ್ದು ಏರಿ ಇಳಿಯುತ್ತದೆ. ಸರಳ, ಚೆಂದದ ಉಪಾಯ. ಹೆಸರು ತಿದ್ದಿದ್ದರೆ ಭೌತಶಾಸ್ತ್ರಕ್ಕೆ ಸರಿಯಾಗುತ್ತಿತ್ತು, ಗಿರಾಕಿಗೆ ಅದು ಆ ಪೆಟ್ಟಿಗೆ ಎನಿಸುತ್ತಿರಲಿಲ್ಲವೇನೋ.

2019ರಲ್ಲಿ ಫೆಂಡರ್ ಇನ್ನೊಂದು ದಾರಿ ಹಿಡಿಯಿತು. 'ಟೋನ್ ಮಾಸ್ಟರ್' ಸರಣಿಯ ಡಿಲಕ್ಸ್ ರಿವರ್ಬ್ ಹೊರಗೆ ಹಳೆಯ ರೂಪವೇ, ಒಳಗೆ ಒಂದು ವಾಲ್ವೂ ಇಲ್ಲ. ವಾಲ್ವ್ ಸರ್ಕಿಟ್ಟಿನ ವರ್ತನೆಯನ್ನು ಪ್ರೊಸೆಸರ್ ಲೆಕ್ಕ ಹಾಕುತ್ತದೆ, 22 ವಾಟಿನ ವಾಲ್ವಿನಂತೆ ಕೇಳಿಸಲು 100 ವಾಟಿನ ಡಿಜಿಟಲ್ ಆಂಪ್ಲಿಫೈಯರ್ ಬಳಸುತ್ತದೆ. 1993ರ ಪ್ರತಿ ಸುಮಾರು 19 ಕೆಜಿ, ಇದು ಹತ್ತೂವರೆ ಕೆಜಿಗೂ ಕಡಿಮೆ. ಧ್ವನಿಗೆ ನಿಷ್ಠೆ ಎಂದರೆ ಇದೂ ನಿಷ್ಠ ಪ್ರತಿಯೇ. ಆದರೆ ಒಳಗೆ ಇಣುಕಿದ ವಿದ್ಯಾರ್ಥಿಗೆ ಕ್ಯಾಥೋಡ್ ಕೆಂಪಾಗುವುದು ಕಾಣದು. ಕಲಿಸುವವನಾಗಿ ನನಗೆ ಬೋರ್ಡಿನ ಪ್ರತಿಯೇ ಮೆಚ್ಚು.

ಕೊನೆಯದಾಗಿ ಒಂದು ಎಚ್ಚರಿಕೆ. 1960ರ ದಶಕದಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ರೇಡಿಯೊ ವಾಲ್ವ್ ತಯಾರಿಸುತ್ತಿತ್ತು. ಇಂಥ ವಾಲ್ವ್ ಇರುವ ರೇಡಿಯೊ ಅಜ್ಜನ ಮನೆಯ ಅಟ್ಟದಲ್ಲಿ ಇದ್ದೀತು. ಸ್ವಿಚ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. 32 ಮೈಕ್ರೊಫ್ಯಾರಡ್, 400 ವೋಲ್ಟ್ ಎಂದಾದರೆ ಶಕ್ತಿ 2.56 ಜೂಲ್. ಕೇಳಲು ಸಣ್ಣ ಸಂಖ್ಯೆ, ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹರಿದರೆ ಸಣ್ಣದಲ್ಲ. ಪ್ಲಗ್ ಕಿತ್ತಿದ್ದೇನೆ ಎಂಬ ಧೈರ್ಯದಲ್ಲಿ ಅದನ್ನು ಬಿಚ್ಚಬೇಡಿ. ಪ್ರಯೋಗಾಲಯಕ್ಕೆ ತನ್ನಿ. ರೆಸಿಸ್ಟರ್ ಜೋಡಿಸಿ ಕೆಪಾಸಿಟರ್ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಒಟ್ಟಿಗೆ ನೋಡೋಣ.