ದ್ವೀಂದ್ರಿಯ ಜೀವಿಯ ವಿಷವೂ ಅಂತ್ಯಕಾಲದ ವೇದನೆಯೂ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತ್ಯಜಿಸುತ್ತಾನೆ. ತ್ರಸಜೀವಿಗಳಲ್ಲಿ ಮೊದಲ ಮೆಟ್ಟಿಲಿನವು ದ್ವೀಂದ್ರಿಯಗಳು. ಸ್ಪರ್ಶನ, ರಸನ ಎಂಬ ಎರಡು ಇಂದ್ರಿಯಗಳು, ಕಾಯಬಲ, ವಚನಬಲ, ಶ್ವಾಸೋಚ್ಛ್ವಾಸ, ಆಯು, ಹೀಗೆ ಆರು ಪ್ರಾಣಗಳು ಅವಕ್ಕುಂಟು. ಪಾಠಶಾಲೆಯ ಮಕ್ಕಳಿಗೆ ಉದಾಹರಣೆ ಹೇಳುವಾಗ ಶಂಖ, ಕವಡೆ, ಚಿಪ್ಪು, ಎರೆಹುಳು, ಜಿಗಣೆ ಎಂದು ಎಣಿಸುವುದು ವಾಡಿಕೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಮಕ್ಕಳು ಎರೆಹುಳುವನ್ನು ಹೊಲದಲ್ಲಿ ಕಂಡಿರುತ್ತಾರೆ. ಜೀವಂತ ಶಂಖವನ್ನು ಕಂಡವರು ವಿರಳ. ಅವರಿಗೆ ಸಮುದ್ರವೆಂದರೆ ಶಿರಸಿಯನ್ನು ದಾಟಿ ಘಟ್ಟವಿಳಿದ ಮೇಲೆ ಕುಮಟೆಯ ಬಳಿ ಸಿಗತಕ್ಕದ್ದು. ಆದರೂ ಆ ಜೀವಿಯ ಕವಚ ಈ ಮನೆಗಳೊಳಗೆ ಹೊಸದಲ್ಲ. ಸವಣೂರಿನ ಎಲೆಗೆ ಹಚ್ಚುವ ಸುಣ್ಣವನ್ನು ಕಲ್ಲಿನಿಂದ ಸುಡುವಂತೆ ಚಿಪ್ಪಿನಿಂದಲೂ ಸುಡುವುದುಂಟು. ವೈದ್ಯರು ಕೊಡುವ ಶಂಖಭಸ್ಮ, ಕಪರ್ದಿಕಾಭಸ್ಮಗಳ ಮೂಲವನ್ನು ಹೆಸರೇ ಹೇಳುತ್ತದೆ. ವ್ರತಿಕರಲ್ಲಿ ಕೆಲವರು ಇವನ್ನು ವಿಚಾರಿಸಿ ಬಿಡುತ್ತಾರೆ, ಕೆಲವರು ವಿಚಾರಿಸುವುದೇ ಇಲ್ಲ.

ಈ ಹಳೆಯ ವಿಚಾರಕ್ಕೆ ವಿಜ್ಞಾನವು ಹೊಸದೊಂದು ಪ್ರಶ್ನೆಯನ್ನು ಸೇರಿಸಿದೆ. ಶಂಖದ ಬಳಗಕ್ಕೇ ಸೇರಿದ ಒಂದು ಮೃದ್ವಂಗಿಯ ವಿಷದಿಂದ, ಕ್ಯಾನ್ಸರ್ ರೋಗಿಯ ಅಸಹನೀಯ ವೇದನೆಯನ್ನು ತಗ್ಗಿಸುವ ಔಷಧವೊಂದು ತಿಳಿದುಬಂದಿದೆ. ವ್ರತಿಕನು ಅದನ್ನು ತೆಗೆದುಕೊಳ್ಳಬಹುದೇ? ಅದಕ್ಕೂ ಹಿಂದೆ, ಅಂತ್ಯಕಾಲದಲ್ಲಿ ವೇದನೆಯನ್ನು ಔಷಧದಿಂದ ತಗ್ಗಿಸಿಕೊಳ್ಳುವುದು ವ್ರತಕ್ಕೆ ಕುಂದೇ?

ಮೊದಲು ಆ ಜೀವಿಯ ವಿಚಾರ. ಅದರ ಕುಲನಾಮ ಕೋನಸ್. ಶಂಕುವಿನಾಕಾರದ, ಚಿತ್ತಾರದ ಕವಚದೊಳಗೆ ವಾಸಿಸುವ ಈ ಬಸವನಹುಳು ಬೆಚ್ಚನೆಯ ಸಮುದ್ರಗಳಲ್ಲಿರುತ್ತದೆ. ಭಾರತದಲ್ಲಿ ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್‌ಗಳಲ್ಲಿ ಇದರ ಹಲವು ಜಾತಿಗಳಿವೆ. ಬಸವನಹುಳುವಿನ ನಡಿಗೆಯಿಂದ ಮೀನನ್ನು ಹಿಡಿಯುವುದು ಅಸಾಧ್ಯವೆಂದು ತೋರುವುದು ಸಹಜ. ಆದರೆ ಇದರ ಹಲ್ಲು ಟೊಳ್ಳಾದ ಭರ್ಜಿಯಂತಿದ್ದು ವಿಷದ ಚೀಲಕ್ಕೆ ಹೊಂದಿಕೊಂಡಿದೆ. ಹತ್ತಿರ ಬಂದ ಮೀನಿಗೆ ಅದನ್ನು ಎಸೆದರೆ ಮೀನು ಕ್ಷಣಮಾತ್ರದಲ್ಲಿ ಸ್ತಬ್ಧವಾಗುತ್ತದೆ. ಕೋನಸ್ ಜಿಯೋಗ್ರಾಫಸ್ ಎಂಬ ಜಾತಿಯ ಚುಚ್ಚಿನಿಂದ ಮನುಷ್ಯರೂ ಸತ್ತಿದ್ದಾರೆ. ಈ ಹುಳುವಿಗೆ ಸಣ್ಣ ಕಣ್ಣುಗಳೂ ನೀರಿನ ವಾಸನೆಯನ್ನು ಗ್ರಹಿಸುವ ಅಂಗವೂ ಉಂಟೆಂದು ಪ್ರಾಣಿಶಾಸ್ತ್ರಜ್ಞರು ಕಂಡಿದ್ದಾರೆ. ಇಂದ್ರಿಯಗಳ ಎಣಿಕೆಯಲ್ಲಿ ಆಗಮಕ್ಕೂ ಸೂಕ್ಷ್ಮದರ್ಶಕಕ್ಕೂ ಇಲ್ಲಿ ಹೊಂದಿಕೆಯಾಗದು. ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಎಣಿಕೆ ಹೆಚ್ಚಾದರೆ ವ್ರತಿಕನ ದಯೆಗೆ ಕಾರಣ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಫಿಲಿಪ್ಪೀನ್ಸ್‌ನಲ್ಲಿ ಹುಟ್ಟಿದ ಬಾಲ್ಡೊಮೆರೊ ಒಲಿವೆರಾ ಎಂಬ ವಿಜ್ಞಾನಿ 1970ರ ಸುಮಾರಿಗೆ ಈ ವಿಷದ ಅಧ್ಯಯನವನ್ನು ಆರಂಭಿಸಿದರು. ಮುಂದೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಅವರ ಪ್ರಯೋಗಶಾಲೆಯಲ್ಲಿ ಮೈಕೇಲ್ ಮ್ಯಾಕಿಂಟಾಷ್ ಎಂಬ ಎಳೆಯ ವಿದ್ಯಾರ್ಥಿ ಕೋನಸ್ ಮೇಗಸ್ ಜಾತಿಯ ವಿಷದಿಂದ 25 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡನ್ನು ಬೇರ್ಪಡಿಸಿದನು. ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಒಂದು ನರದಿಂದ ಇನ್ನೊಂದಕ್ಕೆ ದಾಟಬೇಕಾದರೆ ನರದ ತುದಿಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಕ್ಯಾಲ್ಸಿಯಂ ಒಳಬರಬೇಕು. ಈ ಪೆಪ್ಟೈಡು ಆ ದ್ವಾರವನ್ನು ಮುಚ್ಚುತ್ತದೆ. ಸುದ್ದಿ ಅಲ್ಲಿಯೇ ನಿಲ್ಲುತ್ತದೆ. ಝಿಕೊನೊಟೈಡ್ ಎಂಬ ಹೆಸರಿನಿಂದ 2004ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಕ್ಯಾನ್ಸರ್ ಅಥವಾ ಏಡ್ಸ್ ರೋಗದ ತೀವ್ರ ನೋವಿದ್ದ 111 ರೋಗಿಗಳ ಪರೀಕ್ಷೆಯೊಂದು ಅದೇ ವರ್ಷ ಪ್ರಕಟವಾಯಿತು: ಔಷಧ ಪಡೆದವರಲ್ಲಿ ನೋವು ಸರಾಸರಿ ಶೇ. 53ರಷ್ಟು ಇಳಿದರೆ, ಬರಿಯ ತೋರಿಕೆಯ ಔಷಧ ಪಡೆದವರಲ್ಲಿ ಇಳಿದದ್ದು ಶೇ. 18.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ದಾರಿಯ ಸಂಶೋಧನೆ ನಡೆದಿದೆ. ಪಿ. ಬಲರಾಂ, ಕೆ. ಎಸ್. ಕೃಷ್ಣನ್ ಮತ್ತು ಅವರ ಸಂಗಡಿಗರು ಭಾರತದ ಕರಾವಳಿಯ ಕೋನಸ್ ಅಮಾಡಿಸ್ ಎಂಬ ಜಾತಿಯಲ್ಲಿ ಸೋಡಿಯಂ ದ್ವಾರದ ಮೇಲೆ ಕೆಲಸ ಮಾಡುವ ಪೆಪ್ಟೈಡೊಂದನ್ನು 2003ರಲ್ಲಿ ವರ್ಣಿಸಿದರು. ಇದೇ ಕುಲದ ಕೋನಸ್ ಮಿಲ್ನೆಎಡ್ವರ್ಡ್ಸಿ ಎಂಬ ಸುಂದರ ಜಾತಿಯು, ಚಿಪ್ಪಿನ ಸಂಗ್ರಾಹಕರ ಆಸೆಗೆ ಬಲಿಯಾಗುತ್ತಿದ್ದುದರಿಂದ, 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯಕ್ಕೆ ಬಂದಿತು.

ಇನ್ನು ವ್ರತದ ಪ್ರಶ್ನೆ. ರೋಗಿಗೆ ಕೊಡುವ ಝಿಕೊನೊಟೈಡನ್ನು ಹುಳುವಿನಿಂದ ತೆಗೆಯುವುದಿಲ್ಲ; ರಾಸಾಯನಿಕವಾಗಿ ಕಟ್ಟುತ್ತಾರೆ. ಒಂದು ಸೀಸೆಗಾಗಿ ಒಂದು ಜೀವಿಯೂ ಸಾಯಬೇಕಿಲ್ಲ. ಆದರೆ ಆ ರಚನೆಯನ್ನು ತಿಳಿಯಲು ಮೊದಲು ಹುಳುಗಳು ಸತ್ತವು, ಪರೀಕ್ಷೆಯಲ್ಲಿ ಪಂಚೇಂದ್ರಿಯ ಪ್ರಾಣಿಗಳೂ ಸತ್ತವು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಲ್ಲಿ ರೋಗಿಯು ಮೊದಲೆರಡರಲ್ಲಿ ನಿಂತಿಲ್ಲವೆಂಬುದು ಸ್ಪಷ್ಟ. ಮೂರನೆಯದನ್ನು ಅವನ ಮನಸ್ಸೇ ಬಲ್ಲದು. ಇದೇ ಮಾತು ಇಂದು ಬಳಕೆಯಲ್ಲಿರುವ ಬಹುತೇಕ ಎಲ್ಲ ಔಷಧಗಳಿಗೂ ಅನ್ವಯಿಸುತ್ತದೆ.

ವೇದನೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಆರ್ತಧ್ಯಾನದ ನಾಲ್ಕು ಭೇದಗಳಲ್ಲಿ ವೇದನಾಜನ್ಯ ಆರ್ತಧ್ಯಾನವೂ ಒಂದು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿನಲ್ಲಿ ಹೊರಳುವವನ ಬಾಯಿಗೆ ಣಮೋಕಾರ ಮಂತ್ರ ಬರುವುದಿಲ್ಲ. ಬಂದರೂ ಮನಸ್ಸು ನೋವಿನ ಜಾಗದಲ್ಲಿಯೇ ಇರುತ್ತದೆ. ಹೀಗೆ ನರಳುವವನು “ಅನ್ನ ಬಿಡುತ್ತೇನೆ, ಬೇಗ ಹೋಗಲಿ” ಎಂದರೆ ಮನೆಯವರು ಅದನ್ನು ಸಲ್ಲೇಖನದ ಭಾವವೆಂದು ತಿಳಿಯುವ ಅಪಾಯವುಂಟು. ಬೇಗ ಸಾಯಬೇಕೆಂಬ ಬಯಕೆಯು ಮರಣಾಶಂಸೆಯೆಂಬ ಅತಿಚಾರ. ಆಚಾರ್ಯ ಸಮಂತಭದ್ರರು ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳಾದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ ಪ್ರತೀಕಾರವಿಲ್ಲದಿರಬೇಕೆಂಬ ಕಟ್ಟಳೆಯಿದೆ. ರೋಗಕ್ಕೆ ಪ್ರತೀಕಾರವಿಲ್ಲದಿರಬಹುದು, ನೋವಿಗೆ ಮಾತ್ರ ಇಂದು ಬಹುಮಟ್ಟಿಗೆ ಉಂಟು. ಆದುದರಿಂದ ನೋವನ್ನು ಮೊದಲು ಇಳಿಸಿ, ಆಮೇಲೆ ಅವನ ಮಾತನ್ನು ಕೇಳುವುದೇ ಕ್ರಮ. ನೋವು ಇಳಿದ ಮೇಲೆ ಮೊಮ್ಮಗಳ ಮದುವೆಯ ಮಾತನ್ನಾಡುವವನಿಗೆ ಬೇಕಾಗಿದ್ದುದು ವ್ರತವಲ್ಲ, ಗುಳಿಗೆ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಗಂಗರ ದೊರೆ ಮಾರಸಿಂಹನು ರಾಜ್ಯವನ್ನು ಬಿಟ್ಟು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ಆಚರಿಸಿ ಕ್ರಿ.ಶ. 974ರ ಸುಮಾರಿಗೆ ದೇಹವಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಇದನ್ನು ಹೇಳುತ್ತದೆ. ಗುರುವಿನ ಸನ್ನಿಧಿಯನ್ನು ಶಾಸನ ಮರೆಯದೆ ದಾಖಲಿಸಿರುವುದು ಅರ್ಥಪೂರ್ಣ. ಶಿಷ್ಯನ ಸಂಕಲ್ಪವು ಭಾವಶುದ್ಧಿಯದೋ ಬೇಸರದ್ದೋ ಎಂಬುದನ್ನು ನೋಡುವವರು ಗುರುಗಳೇ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಅಂದಿನ ವಾದವಿವಾದಗಳಲ್ಲಿ ನೋವಿನ ಚಿಕಿತ್ಸೆಯ ಮಾತು ಮುನ್ನೆಲೆಗೆ ಬರಬೇಕಿತ್ತು.

ಈಗ ಊರಿನ ಮಾತು. ಝಿಕೊನೊಟೈಡನ್ನು ಬಾಯಿಂದ ಕೊಡಲಾಗದು. ಬೆನ್ನುಹುರಿಯ ಸುತ್ತಣ ದ್ರವಕ್ಕೆ ಪಂಪಿನ ಮೂಲಕ ಹನಿಸಬೇಕು. ಪ್ರಮಾಣ ಮೀರಿದರೆ ತಲೆಸುತ್ತು, ಮರೆವು, ಭ್ರಮೆಗಳು ಬರುತ್ತವೆ. ಅರಿವನ್ನು ಉಳಿಸಿಕೊಳ್ಳಬೇಕೆಂಬ ವ್ರತಿಕನಿಗೆ ಇದು ಸಣ್ಣ ತೊಡಕಲ್ಲ. ಹಾನಗಲ್ಲಿನ ರೋಗಿಗೆ ಎಟುಕತಕ್ಕದ್ದು ಬಾಯಿಯಿಂದ ಕೊಡುವ ಮಾರ್ಫಿನ್. ಅದರ ಮೂಲ ಗಸಗಸೆಯ ಗಿಡ, ಏಕೇಂದ್ರಿಯ. ಮದ್ಯತ್ಯಾಗಿಗಳು ಇದನ್ನು ಅಮಲೆಂದು ಅಂಜುತ್ತಾರೆ. ನೋವಿಗೆ ತಕ್ಕಷ್ಟು, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟಾಗ ಅಮಲಿನ ಚಟ ವಿರಳ; ಮೊದಲ ಕೆಲವು ದಿನಗಳ ತೂಕಡಿಕೆ ಸಾಮಾನ್ಯವಾಗಿ ಹಿಂಗುತ್ತದೆ, ಮಲಬದ್ಧತೆ ಮಾತ್ರ ಉಳಿಯುತ್ತದೆ, ಅದಕ್ಕೆ ಬೇರೆ ಔಷಧ ಜೊತೆಯಲ್ಲಿಯೇ ಬೇಕು. ಹಿಂದೆ ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳೇ ಇದನ್ನು ಇಡಲು ಹಿಂಜರಿಯುತ್ತಿದ್ದವು. 2014ರ ಕಾಯಿದೆಯ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು.

ರಾತ್ರಿಭೋಜನ ತ್ಯಾಗವುಳ್ಳವರಿಗೆ ನಾಲ್ಕು ತಾಸಿಗೊಮ್ಮೆ ನುಂಗುವ ಗುಳಿಗೆ ಕಷ್ಟವೆನಿಸಬಹುದು. ವ್ರತ ಕೊಳ್ಳುವಾಗಲೇ ಔಷಧಕ್ಕೆ ವಿನಾಯಿತಿ ಇಟ್ಟುಕೊಂಡವರಿಗೆ ಈ ತೊಡಕಿಲ್ಲ. ಉಳಿದವರು ಮುಚ್ಚಿಟ್ಟುಕೊಂಡು ರಾತ್ರಿಯಿಡೀ ನರಳದೆ ವೈದ್ಯರಿಗೆ ಹೇಳಬೇಕು. ಹನ್ನೆರಡು ತಾಸು ನಿಧಾನವಾಗಿ ಕರಗುವ ಗುಳಿಗೆಗಳಿವೆ; ಸೂರ್ಯಾಸ್ತದ ಮುನ್ನ ಒಂದು, ಸೂರ್ಯೋದಯದ ಮೇಲೆ ಒಂದು ಎಂದು ಹೊಂದಿಸಬಹುದು. ಅವನ್ನು ಪುಡಿಮಾಡಿ ಕೊಡಬಾರದು. ನೋವು ಒಂದು ಹದಕ್ಕೆ ಬಂದವರಿಗೆ ಮೂರು ದಿನ ಚರ್ಮಕ್ಕೆ ಅಂಟಿಸಿಡುವ ಫೆಂಟನಿಲ್ ಪಟ್ಟಿಯುಂಟು, ನುಂಗಲಾರದವರಿಗೆ ಚರ್ಮದ ಕೆಳಗಿನ ಸೂಜಿಯುಂಟು. ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ದನ ಮೊದಲಾದವುಗಳ ಚರ್ಮ, ಮೂಳೆಗಳ ಜೆಲಟಿನ್‌ನದಾದ್ದರಿಂದ ಗುಳಿಗೆಯನ್ನೇ ಕೇಳಿ ಬರೆಸಿಕೊಳ್ಳಬಹುದು. ಉಪವಾಸದ ದಿನ ಬರಿಹೊಟ್ಟೆಯಲ್ಲಿ ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳನ್ನು ನುಂಗಿದರೆ ಜಠರದಲ್ಲಿ ಹುಣ್ಣಾಗುವ ಸಂಭವ ಹೆಚ್ಚು. ಹಿರೇಕೆರೂರಿನಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ನೂರು ಕಿಲೋಮೀಟರಿಗೂ ಮೀರಿದ ಹಾದಿ; ಹೋದಾಗ ರೋಗಿಯ ವ್ರತನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗಿತ್ತು, ಮುಂದಿನ ಭೇಟಿಯವರೆಗೆ ಸಾಕಾಗುವಷ್ಟು ಗುಳಿಗೆಗಳನ್ನು ಎಣಿಸಿ ತರುವುದು ಜೊತೆಗೆ ಹೋದವರ ಕೆಲಸ.